ಉಪ್ಪಿಗೆ ಬಡತನ ಬೇಡ

ಮಗಳೇ, ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಅಂದೆ: "ಈಜಿಗೆಲ್ಲ ಈಗೆಲ್ಲಿ ಟೈಮು ದೊಡ್ಡಪ್ಪಾ? ಮೊದಲು ಎಂಎಸ್ಸಿ ಮುಗೀಲಿ." ಫೋನಿಟ್ಟ ಮೇಲೂ ಅದು ಕಿವಿಯಲ್ಲೇ ಉಳಿಯಿತು. ಓದುತ್ತಿರುವುದು ಕಡಲ ಜೀವಶಾಸ್ತ್ರ, ಇರುವುದು ಕಾರವಾರದ ಕೋಡಿಬಾಗದಲ್ಲಿ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಕಡಲು. ಹೀಗಿದ್ದೂ ಮೈಗೆ ನೀರು ತಾಗದೆ ಆರು ತಿಂಗಳಾಯಿತು ಅಂತೀಯಲ್ಲ! ಸಮುದ್ರದ ನೆಂಟಸ್ತಿಕೆ, ಉಪ್ಪಿಗೆ ಬಡತನ ಅನ್ನುವ ಗಾದೆ ನಿನ್ನನ್ನು ಕಂಡೇ ಹುಟ್ಟಿತೋ ಏನೋ.

ಬೈಯುತ್ತಿಲ್ಲ. ನಾನೂ ಅದೇ ಬಡತನ ಉಂಡವನು. ನೌಕರಿಯ ಮೊದಲ ವರ್ಷಗಳಲ್ಲಿ ದಿನಾ ನೀರಲ್ಲಿದ್ದೆ. ಬಡ್ತಿ ಬಂತು, ಕುರ್ಚಿ ಬಂತು, ಕಡತಗಳು ಬಂದವು. ಆಮೇಲೆ ಹನ್ನೊಂದು ವರ್ಷ ನೀರು ನನ್ನ ಪಾದ ದಾಟಿ ಮೇಲೆ ಬರಲಿಲ್ಲ. ಹುಡುಗರು ದೋಣಿಯಿಂದ ಬಾಟಲಿ ಇಳಿಸಿ ಅಘನಾಶಿನಿ ಅಳಿವೆಯ ನೀರು ತರುತ್ತಿದ್ದರು. ನಾನು ಫ್ಯಾನಿನ ಕೆಳಗೆ ಕೂತು ಉಪ್ಪಿನಂಶದ ಗೆರೆ ಎಳೆಯುತ್ತಿದ್ದೆ.

ನಿವೃತ್ತಿಯಾದ ವರ್ಷ, ಮಳೆ ಹಿಂದಾದ ಮೇಲೆ, ಅದೇ ಅಳಿವೆಯಲ್ಲಿ ಈಜಲು ಇಳಿದೆ. ಬಾಯಿಗೆ ಬಂದ ನೀರು ಸಪ್ಪೆ, ಹೊಳೆಯ ನೀರು. ಮೂಗು ಹಿಡಿದು ಒಂದಾಳು ಕೆಳಗೆ ಮುಳುಗಿದೆ ನೋಡು, ನಾಲಿಗೆ ಚುರ್ ಅಂದಿತು. ಅಪ್ಪಟ ಉಪ್ಪು! ಮೈಗೆ ತಾಗುವ ಬಿಸುಪೂ ಬೇರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹಾಗಾಗಿ ಅದು ಭಾರ, ಕೆಳಗೆ ನುಸುಳುತ್ತದೆ, ಹೊಳೆ ಅದರ ಮೇಲೆ ಹರಿಯುತ್ತದೆ. ಅದನ್ನು ಎಷ್ಟು ಸಲ ಕಾಗದದ ಮೇಲೆ ಬರೆದಿದ್ದೆನೋ! ನಾಲಿಗೆಗೆ ತಿಳಿದದ್ದು ಮಾತ್ರ ಅವತ್ತು. ಪಕ್ಕದಲ್ಲಿ ಸೊಂಟದ ಮಟ್ಟ ನೀರಿನಲ್ಲಿ ಬೆಳಚು ಚಿಪ್ಪು ಆರಿಸುತ್ತಿದ್ದ ಹೆಂಗಸು ನಕ್ಕಳು: "ನೀವು ಲೆಕ್ಕ ಹಾಕ್ತ್ರಿ, ನಾವು ಕಾಲಲ್ಲಿ ತುಳಿದು ನೋಡ್ತೋ." ಯಾವ ಮಳೆಗೆ ಬೆಳಚು ಸಾಯುತ್ತದೆ, ಯಾವುದಕ್ಕೆ ತಡೆಯುತ್ತದೆ ಎಂದು ಅವಳ ಹತ್ತಿರ ಕೇಳಬೇಕಾದ ಪ್ರಶ್ನೆಗಳು ತಲೆಯೊಳಗೆ ಸಾಲುಗಟ್ಟಿದವು. ಆದರೆ ಆಗ ನನ್ನ ಹತ್ತಿರ ನೌಕರಿ ಇರಲಿಲ್ಲ.

ಮೀನು ವಿಜ್ಞಾನಿ ಯೂಜನಿ ಕ್ಲಾರ್ಕ್ ಹೆಸರು ನೀನು ಕೇಳಿರುತ್ತೀಯ. 1922ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು. ತಂದೆ ಬೇಗ ತೀರಿಕೊಂಡರು. ಜಪಾನಿ ಮೂಲದ ತಾಯಿ ಪತ್ರಿಕೆ ಮಾರುವ ಮಳಿಗೆಯಲ್ಲಿ ದುಡಿಯುತ್ತಿದ್ದರು. ಶನಿವಾರ ಅಮ್ಮನ ಕೆಲಸ ಮುಗಿಯುವ ತನಕ ಹುಡುಗಿ ಹತ್ತಿರದ ಮತ್ಸ್ಯಾಲಯದಲ್ಲಿ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು. ಮನೆಯಲ್ಲೂ ಮೀನಿನ ತೊಟ್ಟಿ. ದೊಡ್ಡವಳಾದ ಮೇಲೆ ಪೆಸಿಫಿಕ್ ದ್ವೀಪಗಳಲ್ಲಿ ಅಲ್ಲಿನ ಮೀನುಗಾರರಿಂದಲೇ ನೀರೊಳಗೆ ಈಟಿ ಹೊಡೆಯಲು ಕಲಿತಳು.

ಕೆಂಪು ಸಮುದ್ರದಲ್ಲಿ ಅವಳ ಬಲೆಗೆ ಒಂದು ಚಪ್ಪಟೆ ಮೀನು ಬಿತ್ತು, ನಮ್ಮ ನಂಗು ಮೀನಿನ ದೂರದ ನೆಂಟ ಅಂದುಕೋ. ಕೈಯಲ್ಲಿ ಹಿಡಿದರೆ ರೆಕ್ಕೆಯ ಬುಡದಿಂದ ಹಾಲಿನಂಥ ರಸ ಜಿನುಗಿತು; ಬೆರಳು ಜುಮ್ಮೆಂದು ಬಿಗಿದವು. ಇನ್ನೊಬ್ಬರಾಗಿದ್ದರೆ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಆ ಜುಮ್ಮನ್ನೇ ಹಿಂಬಾಲಿಸಿದಳು. ಶಾರ್ಕ್‌ಗಳ ಮುಂದೆ ಆ ಮೀನನ್ನು ಒಡ್ಡಿದರೆ, ಕಚ್ಚಲು ತೆರೆದ ಬಾಯಿ ಮುಚ್ಚಲಾಗದೆ ಅವು ತಲೆ ಕೊಡವಿ ಓಡಿದವು. ಶಾರ್ಕ್ ತಡೆಯುವ ರಸವೊಂದು ಹೀಗೆ ಬೆಳಕಿಗೆ ಬಂತು. ಬೆರಳಿಗೆ ಗೊತ್ತಾಗದಿದ್ದರೆ ತಲೆಗೆ ಹೇಗೆ ಗೊತ್ತಾಗಬೇಕು? 92ರ ವಯಸ್ಸಿನಲ್ಲೂ ಅವಳು ಕಡಲಿಗೆ ಮುಳುಗು ಹಾಕುತ್ತಿದ್ದಳು. 2015ರಲ್ಲಿ ಹೋದಳು.

ಓದು ಕೂಡ ಆಟಕ್ಕೆ ಸಾಲ ತೀರಿಸುತ್ತದೆ. ವಿಯೆನ್ನಾದ ವಾಲ್ಟರ್ ಮಂಕ್ ಎಂಬ ಹುಡುಗನಿಗೆ ಹಿಮದ ಮೇಲೆ ಜಾರುವ ಹುಚ್ಚು. ಓದು ಹಿಂದೆ ಬಿತ್ತೆಂದು ಮನೆಯವರು ಅಮೆರಿಕಕ್ಕೆ ಅಟ್ಟಿದರು. ಬ್ಯಾಂಕಿನ ಕೆಲಸ ಹಿಡಿಸಲಿಲ್ಲ, ಕಡಲು ಹಿಡಿಸಿತು. 1963ರಲ್ಲಿ ಪೆಸಿಫಿಕ್ಕಿನ ಉದ್ದಕ್ಕೂ ಅಳತೆಯ ಠಾಣೆಗಳನ್ನು ಹೂಡಿದ ಅವನ ತಂಡ, ದಕ್ಷಿಣದ ಬಿರುಗಾಳಿಯಲ್ಲಿ ಹುಟ್ಟಿದ ಅಲೆ 10,000 ಕಿಲೋಮೀಟರಿಗೂ ಹೆಚ್ಚು ದಾಟಿ ಅಲಾಸ್ಕಾ ಮುಟ್ಟುವುದನ್ನು ತೋರಿಸಿತು. ಬೇಸಿಗೆಯಲ್ಲಿ, ಗಾಳಿಯೇ ಇಲ್ಲದ ದಿನ ನಮ್ಮ ಕರಾವಳಿಗೂ ಹಾಗೆ ದೂರದ ಅಲೆ ಬರುವುದುಂಟು. ಮಲಯಾಳಿಗಳು ಅದಕ್ಕೆ ಕಳ್ಳಕಡಲು ಅನ್ನುತ್ತಾರೆ. ಮುಲ್ಕಿಯಲ್ಲಿ ಹಲಗೆಯ ಮೇಲೆ ನಿಂತು ಅಲೆ ಏರುವ ಹುಡುಗರಿಗೆ ಇದು ಗೊತ್ತಿದ್ದರೆ ಕಾಲಡಿಯ ಅಲೆ ಇನ್ನೂ ಎತ್ತರವಾದೀತು.

ಅದಕ್ಕೇ ಮೂರು ಮಾತು.

ವಾರಕ್ಕೆರಡು ಸಲ ನೀರಿಗಿಳಿ. ಪದಕಕ್ಕಲ್ಲ, ಪ್ರಾಜೆಕ್ಟಿಗಲ್ಲ. ಅಂಕ ಕೇಳದ ಕೆಲಸ ಒಂದಾದರೂ ಕೈಲಿರಲಿ. ಈಜು ಬೇಸರವಾದರೆ ದೋಣಿ ಹುಟ್ಟು ಹಾಕಲು ಕಲಿ, ಗಾಳ ಹಾಕು, ಚಿಪ್ಪಿನ ಚಿತ್ರ ಬರೆ.

ಎರಡನೆಯದು, ಮೈ ಒರೆಸಿಕೊಂಡ ಕೂಡಲೇ ಎರಡು ಸಾಲು ಗೀಚು. ಉಬ್ಬರವೋ ಇಳಿತವೋ, ನೀರು ಕಲಕಿತ್ತೋ ತಿಳಿಯಾಗಿತ್ತೋ, ಕಾಲಿಗೆ ಏನು ತಾಗಿತು. ಹತ್ತು ವರ್ಷದ ಮೇಲೆ ಆ ನೋಟ್‌ಬುಕ್ಕೇ ನಿನಗೆ ಗೈಡು.

ಮೂರನೆಯದು ಭಯದ ಮಾತು. ಈಜುಕೊಳದಲ್ಲಿ ಗೆದ್ದ ಪದಕದ ಸುದ್ದಿ ಕಡಲಿಗೆ ಗೊತ್ತಿಲ್ಲ. ಒಬ್ಬಳೇ ಇಳಿಯಬೇಡ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೇ ಗುದ್ದಾಡಬೇಡ, ದಡದ ಉದ್ದಕ್ಕೆ ಅಡ್ಡವಾಗಿ ಈಜಿ ಹೊರಗೆ ಬಾ. ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿಗಳಿಗೇ ರಜೆ, ನಿನಗೂ ರಜೆ. ನಮ್ಮ ಮೀನುಗಾರರು ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ಇಳಿಯುತ್ತಾರಲ್ಲ, ಆ ವಿನಯ ನಮಗೂ ಇರಲಿ.

ದೀಪಾವಳಿಗೆ ಬಂದಾಗ ಅಘನಾಶಿನಿಗೆ ಹೋಗೋಣ. ಆ ಬೆಳಚಿನ ಹೆಂಗಸಿಗೆ ಕೇಳದೆ ಉಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟಿದ್ದೇನೆ, ನೀನೇ ಕೇಳು. ಟವೆಲ್ ಮರೆಯಬೇಡ.