ಮಣ್ಣಿನ ಗೋಡೆಗೆ ತಕ್ಕ ಛಾವಣಿ

ಹೋಳೂರಿನ ಸುತ್ತಣ ಗ್ರಾಮಗಳಲ್ಲಿ ಮಣ್ಣಿನ ಮನೆ ಕಟ್ಟಿಸತಕ್ಕವರು, ಪಾಯ ತೋಡುವುದಕ್ಕೆ ಮುಂಚೆಯೇ ಛಾವಣಿಯನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಮಣ್ಣಿನ ಗೋಡೆಗೆ ಶತ್ರುಗಳು ಎರಡು: ನೀರು ಮತ್ತು ಅತಿಭಾರ.

ಹುಲ್ಲಿನ ಹೊದಿಕೆ ತಂಪಾದುದು; ಆದರೆ ಒಂದು ಕಿಡಿಗೆ ಮನೆಯೂ ದವಸವೂ ಬೂದಿಯಾಗಬಹುದು. ಈ ಸೀಮೆಯ ಕಲ್ಲುಚಪ್ಪಡಿ ಬಹುಕಾಲ ಬಾಳುವುದು. ಆದರೆ 2 ಅಂಗುಲ ದಪ್ಪದ ಚಪ್ಪಡಿಯು ಚದರಡಿಗೆ ಸುಮಾರು 12 ಕಿಲೋ ತೂಗುವುದರಿಂದ, ಅದನ್ನು ಕಲ್ಲಿನ ಕಂಬ ತೊಲೆಗಳ ಮೇಲೆ ಕೂರಿಸಬೇಕೇ ಹೊರತು ಬರಿಯ ಮಣ್ಣಿನ ಗೋಡೆಯ ಮೇಲಲ್ಲ. ಗೋಡೆ ನೆನೆದು ಕುಸಿದರೆ ಒಳಗೆ ಮಲಗಿದವರ ಪ್ರಾಣಕ್ಕೇ ಅಪಾಯ. ಕಬ್ಬಿಣದ ತಗಡು ಬೇಸಗೆಯಲ್ಲಿ ಬಹಳ ಕಾಯುವುದು. ಕಲ್ನಾರಿನ ಶೀಟಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾದ್ದರಿಂದ ಅದನ್ನು ವರ್ಜಿಸತಕ್ಕದ್ದು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸಲಾರಂಭಿಸಿದ ಬಗೆಯ ಹೆಂಚು, ಚಪ್ಪಡಿಯ ಮೂರನೆಯ ಒಂದು ಪಾಲಿನಷ್ಟು ಮಾತ್ರ ಭಾರವುಳ್ಳದ್ದು. ಒಡೆದುದನ್ನಷ್ಟೇ ಬದಲಿಸಬಹುದು. ಹಳೆಯ ಮನೆಯ ಗಟ್ಟಿ ಹೆಂಚನ್ನೇ ಹೊಸ ಮನೆಗೆ ಹೊದಿಸಿದರೆ ಹಣವೂ ಆವಿಗೆಯ ಸೌದೆಯೂ ಉಳಿಯುವುವು. ಸೂರು ಗೋಡೆಯಿಂದ 2 ಅಡಿ ಹೊರಚಾಚಿದ್ದರೆ ಮಳೆಯ ನೀರು ಗೋಡೆಯನ್ನು ತಾಕದು. ಆದ್ದರಿಂದ ಮಣ್ಣಿನ ಮನೆಗೆ ಹೆಂಚೇ ಯುಕ್ತವಾದುದು.

ಚಪ್ಪಡಿ ಹೊತ್ತ ಹಳೆಯ ಮಣ್ಣಿನ ಗೋಡೆಗಳನ್ನು ಗ್ರಾಮದ ಮುಖಂಡರು ಮಳೆಗಾಲಕ್ಕೆ ಮುಂಚೆ ತಪ್ಪದೆ ಪರೀಕ್ಷಿಸುವುದು ಉಚಿತ.