ಸೊಪ್ಪಿನ ಕುಂಡದಲ್ಲಿ ಕನ್ನಡ ಪಾಠ



ಮಸ್ಕತ್ತಿನಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳು ‘ರೈತನು ಬೀಜ ಬಿತ್ತಿದನು’ ಎಂಬ ವಾಕ್ಯವನ್ನು ತಪ್ಪಿಲ್ಲದೆ ಓದುತ್ತಾರೆ, ಅರ್ಥವನ್ನೂ ಬರೆಯುತ್ತಾರೆ. ಆದರೆ ಬಿತ್ತುವುದಕ್ಕೂ ನೆಡುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಇದು ಮಕ್ಕಳ ತಪ್ಪಲ್ಲ. ಕೆಲಸವನ್ನೇ ಕಾಣದವರಿಗೆ ಕೆಲಸದ ಮಾತು ಹೇಗೆ ಬಂದೀತು?

ಇದರಿಂದ ನಷ್ಟವಾಗುವುದು ಪರೀಕ್ಷೆಯ ಅಂಕ ಮಾತ್ರವಲ್ಲ. ಊರಿನಿಂದ ಅಜ್ಜಿ ಫೋನಿನಲ್ಲಿ ‘ಸೊಪ್ಪು ಸೋಸ್ತಾ ಕೂತಿದ್ದೆ ಕಣೋ’ ಎಂದರೆ, ಮೊಮ್ಮಗನಿಗೆ ಮುಂದೇನು ಕೇಳಬೇಕೆಂದು ತೋಚುವುದಿಲ್ಲ. ಮಾತು ‘ಊಟ ಆಯ್ತಾ’ ಎಂಬಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಈ ಪಾಠವನ್ನು ಪುಸ್ತಕದಿಂದಲ್ಲ, ಬಾಲ್ಕನಿಯ ಒಂದು ಕುಂಡದಿಂದ ಕಲಿಯೋಣ.

ಕಾಲ ಮತ್ತು ಮಣ್ಣು

ಊರಿನಲ್ಲಿ ಮುಂಗಾರು ಮಳೆ ನೋಡಿ ಬಿತ್ತುತ್ತಾರೆ. ಇಲ್ಲಿ ನಾವು ಕಾಯಬೇಕಾದುದು ಬಿಸಿಲು ಇಳಿಯುವುದನ್ನು. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಮಸ್ಕತ್ತಿನ ಹವೆ ಸೊಪ್ಪಿಗೆ ಹಿತವಾಗಿರುತ್ತದೆ.

ಒಂದು ಗೇಣಿನಷ್ಟು ಆಳದ, ಅಗಲವಾದ ಕುಂಡ ಸಾಕು. ತಳದಲ್ಲಿ ನೀರು ಬಸಿದು ಹೋಗಲು ತೂತುಗಳಿರಬೇಕು. ಕೆಳಗೊಂದು ತಟ್ಟೆ ಇಟ್ಟರೆ ಕೆಳಮನೆಯವರ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುವುದಿಲ್ಲ. ಕುಂಡವನ್ನು ಬಾಲ್ಕನಿಯ ಗೋಡೆಯ ಮೇಲೆ ಎಂದಿಗೂ ಇಡಬೇಡಿ. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮನಾಗಿ ಬೆರೆಸಿ. ಸಮುದ್ರ ತೀರದ ಮರಳು ಬೇಡ, ಅದರ ಉಪ್ಪು ಬೇರಿಗೆ ಆಗದು. ನಮ್ಮ ನಲ್ಲಿಯ ನೀರಿನ ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಬಂದದ್ದು. ಹಾಗಾಗಿ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಗಿಡಕ್ಕೆ ಹಾಕುವುದು ಒಳ್ಳೆಯ ಅಭ್ಯಾಸ.

ಬಿತ್ತು, ಊರು, ನೆಡು

ಮೆಂತ್ಯದ ಬೀಜಕ್ಕೆ ಅಂಗಡಿ ಹುಡುಕಬೇಕಿಲ್ಲ, ಅಮ್ಮನ ಒಗ್ಗರಣೆ ಡಬ್ಬಿಯಲ್ಲೇ ಇದೆ. ಒಂದು ಹಿಡಿ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಮಣ್ಣಿನ ಮೇಲೆ ಹರಡಿ, ತೆಳುವಾಗಿ ಮಣ್ಣು ಮುಚ್ಚಿ ನೀರು ಚಿಮುಕಿಸಿ. ಹೀಗೆ ಕೈಯಾಡಿಸಿ ಬೀಜ ಹರಡುವುದೇ ‘ಬಿತ್ತು’. ಮೂರರಿಂದ ಐದು ದಿನಗಳಲ್ಲಿ ಮೊಳಕೆ ಕಾಣುತ್ತದೆ.

ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು. ಇದು ಮೊಳೆಯಲು ಒಂದರಿಂದ ಎರಡು ವಾರ ಬೇಕು. ನಾಲ್ಕನೇ ದಿನವೇ ಮಣ್ಣು ಕೆದಕಿ ನೋಡಬೇಡಿ.

ಬೆಂಡೆ, ಅವರೆಯಂಥ ದೊಡ್ಡ ಬೀಜಗಳನ್ನು ಒಂದೊಂದಾಗಿ ಬೆರಳಿನಿಂದ ಮಣ್ಣಿನೊಳಗೆ ಒತ್ತುತ್ತೇವೆ. ಅದು ‘ಊರು’. ಹುಟ್ಟಿದ ಊರು ನಾಮಪದ, ಬೀಜ ಊರು ಕ್ರಿಯಾಪದ.

ಬಸಳೆ ಮತ್ತು ದೊಡ್ಡಪತ್ರೆಗೆ ಬೀಜವೇ ಬೇಡ. ಪರಿಚಯದವರ ಮನೆಯಿಂದ ಒಂದು ಗೇಣು ಬಲಿತ ಕಡ್ಡಿ ತಂದು ಒಂದೆರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನಿಲ್ಲಿಸಿದರೆ ಬೇರು ಬಿಡುತ್ತದೆ. ಸಸಿಯನ್ನೋ ಕಡ್ಡಿಯನ್ನೋ ಹೀಗೆ ನಿಲ್ಲಿಸುವುದು ‘ನೆಡು’. ರಜೆಗೆ ಹೋದಾಗ ಊರಿನಿಂದ ಸಸಿ, ಮಣ್ಣು ತರುವ ಯೋಚನೆ ಬೇಡ. ಗಡಿ ದಾಟಿ ಗಿಡ ತರಲು ಕೃಷಿ ಇಲಾಖೆಯ ಅನುಮತಿ ಬೇಕಾಗುತ್ತದೆ.

ಕೀಳು, ಕೊಯ್ಯು, ಚಿವುಟು, ಸೋಸು

ಮೂರು ನಾಲ್ಕು ವಾರಗಳಲ್ಲಿ ಮೆಂತ್ಯ ಕೈಗೆ ಬರುತ್ತದೆ. ಬೇರುಸಹಿತ ತೆಗೆದರೆ ‘ಕೀಳು’. ಎರಡು ಬೆರಳಷ್ಟು ಕಾಂಡ ಉಳಿಸಿ ಕತ್ತರಿಯಿಂದ ತೆಗೆದರೆ ‘ಕೊಯ್ಯು’; ಹೀಗೆ ಕೊಯ್ದರೆ ಇನ್ನೊಮ್ಮೆ ಚಿಗುರುತ್ತದೆ. ಬಸಳೆಯ ತುದಿಯನ್ನು ಉಗುರಿನಿಂದ ತೆಗೆಯುವುದು ‘ಚಿವುಟು’. ಚಿವುಟಿದಷ್ಟೂ ಬಳ್ಳಿ ಕವಲೊಡೆಯುತ್ತದೆ. ಕೊನೆಗೆ ಹಳದಿ ಎಲೆ, ಕಸ, ಬಲಿತ ದಂಟು ಬೇರ್ಪಡಿಸಿ ಎಳೆಯದನ್ನು ಆರಿಸಿಕೊಳ್ಳುವುದೇ ಅಜ್ಜಿ ಹೇಳಿದ ‘ಸೋಸು’. ಕೆಲವು ಕಡೆ ಇದಕ್ಕೆ ‘ಬಿಡಿಸು’ ಎನ್ನುತ್ತಾರೆ. ಟೀ ಸೋಸುವುದು ಬಲ್ಲ ಮಕ್ಕಳು ಈಗ ಸೊಪ್ಪು ಸೋಸುವುದನ್ನೂ ಬಲ್ಲರು. ಎರಡರಲ್ಲೂ ಬೇಡದ್ದನ್ನು ಬೇರ್ಪಡಿಸಿ ಬೇಕಾದ್ದನ್ನು ಇಟ್ಟುಕೊಳ್ಳುತ್ತೇವೆ.

ಅಡುಗೆಮನೆಯಲ್ಲಿ

ಉತ್ತರ ಕರ್ನಾಟಕದ ಮೆಂತೆ ಪಚಡಿಗೆ ಒಲೆಯೇ ಬೇಡ. ಎಳೆಯ ಮೆಂತ್ಯದ ಎಲೆ ಎರಡು ಹಿಡಿ, ಈರುಳ್ಳಿ ಒಂದು, ಇವನ್ನು ಸಣ್ಣಗೆ ಹೆಚ್ಚಿಕೊಳ್ಳಿ. ಎರಡು ಚಮಚ ಶೇಂಗಾ ಪುಡಿ, ಉಪ್ಪು, ಸ್ವಲ್ಪ ಖಾರದ ಪುಡಿ, ನಿಂಬೆರಸ ಹಾಕಿ ಕಲಸಿ ರೊಟ್ಟಿಯ ಜೊತೆ ತಿನ್ನಿ. ಕಹಿ ಎನ್ನುವ ಮಕ್ಕಳು ತಾವೇ ಬೆಳೆಸಿದ ಸೊಪ್ಪನ್ನು ಒಮ್ಮೆ ರುಚಿ ನೋಡಿ ಮಾತಾಡಲಿ!

ಮಲೆನಾಡಿನ ಮನೆಗಳಲ್ಲಿ ದೊಡ್ಡಪತ್ರೆಯ ತಂಬುಳಿ ಮಾಡುತ್ತಾರೆ. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸನ್ನು ತುಪ್ಪದಲ್ಲಿ ಬಾಡಿಸಿ. ಆರಿದ ಮೇಲೆ ಕಾಲು ಬಟ್ಟಲು ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದು ಬಟ್ಟಲು ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಇದನ್ನು ಕುದಿಸಬಾರದು. ತಣ್ಣನೆಯ ಹುಳಿಯೇ ತಂಬುಳಿ. ಹುಳಿಗೆ ಹಳಗನ್ನಡದಲ್ಲಿ ‘ಪುಳಿ’ ಎನ್ನುತ್ತಿದ್ದರು.

ಹಳೇ ಮೈಸೂರಿನ ಕಡೆಯವರು ಸೊಪ್ಪು ಮತ್ತು ಬೇಳೆ ಬೇಯಿಸಿ, ಆ ನೀರನ್ನು ಬಸಿದು ಸಾರು ಮಾಡಿದರೆ ಬಸ್ಸಾರು, ಬೆಂದ ಸೊಪ್ಪನ್ನೇ ಮಸೆದರೆ ಮಸ್ಸೊಪ್ಪು. ಅಡುಗೆಯ ಹೆಸರಿನಲ್ಲೇ ಮಾಡುವ ವಿಧಾನ ಅಡಗಿದೆ ನೋಡಿ.

ಮೆಣಸು ಎಂಬ ಮಾತಿಗೂ ಒಂದು ಕಥೆಯಿದೆ. ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. ಅದನ್ನು 16ನೇ ಶತಮಾನದಲ್ಲಿ ಭಾರತಕ್ಕೆ ತಂದವರು ಪೋರ್ಚುಗೀಸರು. ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರಕ್ಕೆ ಮೆಣಸಿನ ಕಾಳೇ ಇತ್ತು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಇದೇ ಪೋರ್ಚುಗೀಸರು 1507ರಿಂದ 1650ರವರೆಗೆ ಮಸ್ಕತ್ತನ್ನೂ ಆಳಿದರು. ಬಂದರಿನ ಜಲಾಲಿ, ಮಿರಾನಿ ಕೋಟೆಗಳನ್ನು ನೋಡಿದಾಗ ಇದನ್ನು ನೆನಪಿಸಿಕೊಳ್ಳಿ.

ನಮ್ಮ ಮೆಂತ್ಯಕ್ಕೆ ಅರಬ್ಬಿಯಲ್ಲಿ ‘ಹಿಲ್ಬಾ’ ಎನ್ನುತ್ತಾರೆ. ಇಲ್ಲಿಯೂ ಬಾಣಂತಿಯರಿಗೆ ಹಿಲ್ಬಾ ಕೊಡುವ ರೂಢಿಯಿದೆ, ನಮ್ಮಲ್ಲಿ ಮೆಂತ್ಯದ ಉಂಡೆ ಕೊಡುವ ಹಾಗೆ.

ಬೇಸಿಗೆ ಬಂದಾಗ

ಏಪ್ರಿಲ್ ಹೊತ್ತಿಗೆ ಕೊತ್ತಂಬರಿ ಎತ್ತರಕ್ಕೆ ಬೆಳೆದು ಹೂ ಬಿಡುತ್ತದೆ. ಎರಡು ಗಿಡಗಳನ್ನು ಹಾಗೆಯೇ ಬಿಡಿ; ಒಣಗಿದ ಕಾಳು ಮುಂದಿನ ಅಕ್ಟೋಬರಿಗೆ ಬೀಜವಾಗುತ್ತದೆ. ಬಸಳೆ ಸೆಕೆಯನ್ನು ತಡೆಯುತ್ತದೆ, ಆದರೆ ನೀರಿಲ್ಲದೆ ಬದುಕದು. ಜೂನ್ ರಜೆಗೆ ಊರಿಗೆ ಹೊರಡುವ ಮೊದಲು ಕುಂಡವನ್ನು ನೆರಳಿಗೆ ಸರಿಸಿ, ಇಲ್ಲೇ ಇರುವ ನೆರೆಯವರಿಗೆ ಒಪ್ಪಿಸಿ. ಬಸಳೆಯ ಒಂದು ಕಡ್ಡಿಯನ್ನೂ ಅವರಿಗೆ ಕೊಟ್ಟಿರಿ. ನಮ್ಮದು ಒಣಗಿದರೂ ಅವರದು ಉಳಿದೀತು.

ಪೋಷಕರಲ್ಲಿ ಒಂದು ಮಾತು

ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಅರ್ಧ ಗಂಟೆ, ಟಿವಿ ಆರಿಸಿ ಮಕ್ಕಳ ಜೊತೆ ಸೊಪ್ಪು ಸೋಸಲು ಕುಳಿತುಕೊಳ್ಳಿ. ಸೊಪ್ಪು ಅಂಗಡಿಯದಾದರೂ ಚಿಂತೆಯಿಲ್ಲ. ‘ಕಟ್ ಮಾಡು, ಕ್ಲೀನ್ ಮಾಡು’ ಎನ್ನುವ ಬದಲು ಹೆಚ್ಚು, ತುರಿ, ಜಜ್ಜು, ಸೋಸು ಎನ್ನಿ. ನಾವು ತರಗತಿಯಲ್ಲಿ ವಾರಕ್ಕೆ ಕೆಲವೇ ಗಂಟೆ ಕನ್ನಡ ಕಲಿಸಬಲ್ಲೆವು. ಉಳಿದ ಕನ್ನಡ ನಿಮ್ಮ ಅಡುಗೆಮನೆಯಲ್ಲಿದೆ.

ಅಭ್ಯಾಸ

1. ಬಿತ್ತು, ಊರು, ನೆಡು: ಒಂದೊಂದನ್ನೂ ಬಳಸಿ ಸ್ವಂತ ವಾಕ್ಯ ಬರೆಯಿರಿ.
2. ಹೆಚ್ಚು, ತುರಿ, ಜಜ್ಜು, ರುಬ್ಬು: ಇವುಗಳಲ್ಲಿ ಶುಂಠಿಗೆ ಯಾವುದು, ತೆಂಗಿನಕಾಯಿಗೆ ಯಾವುದು, ಈರುಳ್ಳಿಗೆ ಯಾವುದು? ಒಂದಕ್ಕಿಂತ ಹೆಚ್ಚು ಉತ್ತರಗಳಿರಬಹುದು.
3. ನಿಮ್ಮ ಅಜ್ಜ ಅಜ್ಜಿಯರ ಊರಿನಲ್ಲಿ ದೊಡ್ಡಪತ್ರೆಗೆ ಏನೆನ್ನುತ್ತಾರೆ? ಕೇಳಿ ಬರೆಯಿರಿ.
4. ಮೆಂತ್ಯ ಬಿತ್ತಿ, ಮೊಳಕೆ ಬಂದ ದಿನ, ಮೊದಲ ಕೊಯ್ಲಿನ ದಿನ ಗುರುತು ಹಾಕಿಕೊಳ್ಳಿ. ಕೊಯ್ದ ಸೊಪ್ಪಿನಿಂದ ಏನು ಮಾಡಿದಿರಿ, ಮನೆಯವರು ಏನೆಂದರು ಎಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆದು ತನ್ನಿ.