ಹಿತ್ತಲಲ್ಲಿ ನೂರು ಕುಸುಬಿ ಗಿಡ

ನಮ್ಮ ಸೇಡಂ, ಚಿತ್ತಾಪುರ ಕಡೆ ಬಿಳಿಜೋಳದ ಹೊಲದ ಅಂಚಿಗೆ ಕುಸುಬಿ ಇರುತ್ತಿತ್ತು. ಮುಳ್ಳಿಗೆ ಹೆದರಿ ದನ ಒಳಗೆ ಬರ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ಈಗ ಮುಳ್ಳಿನ ರಾಶಿಗೆ ಆಳು ಸಿಗೂದಿಲ್ಲ, ಕುಸುಬಿ ಹಿಂದೆ ಸರಿದಿದೆ. ಮನೆಬೀಜ ಒಮ್ಮೆ ಹೋದರೆ ಹೋಯಿತು. ಅದನ್ನು ಉಳಿಸಲು 10 ಅಡಿ ಉದ್ದ, 10 ಅಡಿ ಅಗಲದ ಹಿತ್ತಲು ಸಾಕು.

ಜಾಗ: ಕುಸುಬಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ವಾಡಿ, ಶಹಾಬಾದ್ ಕಡೆ ಮೇಲೆ ಮಣ್ಣು, ಕೆಳಗೆ ಫರ್ಸಿ ಕಲ್ಲು. ಹಾರೆ ಹಾಕಿ ನೋಡ್ರಿ. ಎರಡು-ಮೂರು ಅಡಿ ಮಣ್ಣಿದ್ದರೆ ಚಲೋ. ಚಿಂಚೋಳಿಯ ಕೆಂಪು ಮಣ್ಣು ಬೇಗ ಒಣಗುತ್ತದೆ, ಗೊಬ್ಬರ ಹೆಚ್ಚು ಹಾಕಬೇಕು. ಬಚ್ಚಲ ನೀರು ಹರಿಯುವಲ್ಲಿ ಮಾತ್ರ ಬ್ಯಾಡ. ನೀರು ನಿಂತರೆ ಬೇರು ಕೊಳೆತು ಗಿಡ ಸಾಯುತ್ತದೆ.

ಬಿತ್ತನೆ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಪಕ್ಷ. ತಡವಾದಷ್ಟೂ ಹೇನಿನ ಕಾಟ ಹೆಚ್ಚು. ಸಾಲಿಗೆ ಒಂದೂವರೆ ಅಡಿ ಬಿಟ್ಟು, ಎರಡು ಇಂಚು ಆಳಕ್ಕೆ ಬೀಜ ಹಾಕಿರಿ. 15-20 ದಿನಕ್ಕೆ ಗಿಡದಿಂದ ಗಿಡಕ್ಕೆ 8 ಇಂಚು ಉಳಿಸಿ ಮಿಕ್ಕಿದ್ದು ಕೀಳಬೇಕು. ಕಿತ್ತ ಎಳೆಗಿಡ ಪಲ್ಯಕ್ಕೆ ಆಯ್ತು. ಮಕ್ಕಳು ಓಡಾಡುವ ಹಿತ್ತಲಿಗೆ ಮುಳ್ಳಿಲ್ಲದ ನಾರಿ-6 ತಳಿ ಇದೆ. ಅಣ್ಣಿಗೇರಿ-1 ಮುಳ್ಳಿನದು.

ಹೇನು: ಕುಡಿಯಲ್ಲಿ ಕರಿಹೇನು ಕಂಡ ಕೂಡಲೆ ಆ ಕುಡಿ ಮುರಿದು ತೆಗೆಯಿರಿ. ಹೆಚ್ಚಾದರೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, ಸಂಜೆ ಹೊಡೆಯಿರಿ. ಹೂವಿನ ಕಾಲಕ್ಕೆ ಯಾವ ಔಷಧವೂ ಬ್ಯಾಡ, ಜೇನು ಬರುತ್ತವೆ.

ಹೂ, ಕಾಳು: ಹೂವಿನ ಎಸಳು ಕೆಂಪಾಗಿ ಬಾಡಿದ ಮೇಲೆ ಎಳೆದರೆ ಸಲೀಸು ಬರುತ್ತದೆ, ಕಾಳಿಗೆ ನಷ್ಟವಿಲ್ಲ. ನೆರಳಲ್ಲಿ ಒಣಗಿಸಿ ಅಡುಗೆಯ ಬಣ್ಣಕ್ಕೆ ಇಡಬಹುದು. ನಾಲ್ಕು ತಿಂಗಳು ದಾಟಿ ಎಲೆಯೆಲ್ಲ ಒಣಗಿದಾಗ, ಬೆಳಗಿನ ಇಬ್ಬನಿಯಲ್ಲಿ ಕೊಯ್ಯಬೇಕು. ಆಗ ಮುಳ್ಳು ಮೆತ್ತಗಿರುತ್ತದೆ. ಆದರೂ ಕೈಗೆ ಅರಿವೆ ಸುತ್ತಿಕೊಳ್ರಿ.

ಗಿಡಕ್ಕೆ 10 ಗ್ರಾಂ ಹಿಡಿದರೂ ನೂರು ಗಿಡಕ್ಕೆ ಒಂದು ಕಿಲೋ. ಗಾಣಕ್ಕೆ ಇದು ಸಾಲದು. ಕಾಳು ನೆನೆಸಿ ರುಬ್ಬಿ ಹಾಲು ಹಿಂಡಿದರೆ ಗೋಧಿ, ಬೆಲ್ಲದ ಕುಸುಬಿ ಹುಗ್ಗಿ ಒಂದೆರಡು ಸಲ ಆದೀತು. ಆದರೆ ಮೊದಲ ವರ್ಷ ಹುಗ್ಗಿಯ ಆಸೆ ತಡೆಯಿರಿ. ಎಕರೆಗೆ ನಾಲ್ಕು ಕಿಲೋ ಬೀಜದ ಲೆಕ್ಕದಲ್ಲಿ, ಈ ಒಂದು ಕಿಲೋ ಮುಂದಿನ ಹಿಂಗಾರಿಗೆ 10 ಗುಂಟೆ ಬಿತ್ತುತ್ತದೆ. ಗಾಣದ ಎಣ್ಣೆ ಆ 10 ಗುಂಟೆಯಿಂದ ಬರಬೇಕು.